ಮುಚ್ಚಳದ ಒಳಮೈ

ಮಾರ್ಚ್ ೪, ಮಂಗಳವಾರ

ಇವತ್ತು ಹಡಗುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದೆ. ಬಣ್ಣದ ತಂಡ. ತಂಡದಲ್ಲಿ ಎಲ್ಲರೂ ಹೆಂಗಸರೇ. ಗಂಡಸರಲ್ಲಿ ಮುಕ್ಕಾಲು ಪಾಲು ಯುದ್ಧಕ್ಕೆ ಹೋಗಿದ್ದಾರೆ, ಉಳಿದವರು ಬೆಸುಗೆ, ರಿವೆಟ್ಟು ಎಂದು ಕೈತುಂಬ ಕೆಲಸದಲ್ಲಿದ್ದಾರೆ. ನಮ್ಮದು ತುಕ್ಕು ಕೆರೆಯುವುದು, ಕೆಂಪು ಬಣ್ಣ ಬಳಿಯುವುದು, ಅದು ಒಣಗಿದ ಮೇಲೆ ಬೂದು ಬಣ್ಣ ಬಳಿಯುವುದು. ಸಂಜೆ ಮನೆಗೆ ಬಂದು ಎಷ್ಟು ಸಲ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಹಾಗೇ ಇದೆ.

ತಂಡದ ಯಜಮಾನಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಗಟ್ಟಿ ಗಂಟಲು. ಸುತ್ತಿಗೆ, ತಂತಿ ಬ್ರಷ್ಷು ಕೊಡುವುದಕ್ಕೂ ಮುಂಚೆ ನನ್ನ ಕೈಗೆ ಒಂದು ಹಿತ್ತಾಳೆ ಬಿಲ್ಲೆ ಇಟ್ಟಳು.

"ನೋಡು, ಇದು ನಿನ್ನ ಜೀವ," ಎಂದಳು. "ಹಡಗೊಳಗೆ ಯಾವ ಕೋಣೆಗಿಳಿದ್ರೂ ಬಾಗಿಲ ಹತ್ರ ಕೊಕ್ಕೆ ಇರತ್ತೆ. ಇಳಿಯೋವಾಗ ತಗಲಿಸು, ಹತ್ತೋವಾಗ ತಗೋ. ಕೊಕ್ಕೆ ಮೇಲೆ ಬಿಲ್ಲೆ ಇದ್ರೆ ಮುಚ್ಚಳ ಹಾಕೋಹಾಗಿಲ್ಲ. ದೇವರೇ ಬಂದು ಹೇಳಿದ್ರೂ ಸರಿ."

"ತಗಲಿಸೋಕೆ ಮರೆತು ಜೇಬಲ್ಲೇ ಇಟ್ಕೊಂಡ್ರೆ?"

"ಹಾಗೆ ಮರೆತೋರು ಯಾರೂ ವಾಪಸ್ ಬಂದು ಕಥೆ ಹೇಳಿಲ್ಲ ಕಣೇ."

ಎಲ್ಲರೂ ನಕ್ಕರು. ನಾನು ಯಾಕೆ ನಗಲಿಲ್ಲ ಎಂದು ಆಮೇಲೆ ಯಾರೋ ಅವಳ ಕಿವಿಯಲ್ಲಿ ಹೇಳಿರಬೇಕು. ಮಧ್ಯಾಹ್ನ ತನ್ನ ಬುತ್ತಿಯಲ್ಲಿ ಅರ್ಧ ನನ್ನ ಮುಂದಿಟ್ಟು ಎದ್ದು ಹೋದಳು. ತಿನ್ನಲಾಗಲಿಲ್ಲ.

ರಿಪೇರಿಗೆಂದು ನೀರು ಬಸಿದ ಡಾಕಿನಲ್ಲಿ ನಿಂತಿರುವುದು ಅದೇ ಯುದ್ಧನೌಕೆ, ಡಿಸ್ಟ್ರಾಯರ್. ನನ್ನ ಗಂಡ ಬಾಯ್ಲರ್ ಕೆಲಸಕ್ಕಿದ್ದ ಹಡಗು. ಜನವರಿಯಲ್ಲಿ ಟಾರ್ಪೆಡೊ ತಗುಲಿ ಅದರ ಹಿಂದಿನ ಬಾಯ್ಲರ್ ಕೋಣೆಗೆ ಸಮುದ್ರ ನುಗ್ಗಿತು. ನೀರು ಉಳಿದ ಕೋಣೆಗಳಿಗೆ ಹರಿಯದಂತೆ ಆ ಕೋಣೆಗೆ ಇಳಿಯುವ ಬಾಯಿಯ ಕಬ್ಬಿಣದ ಮುಚ್ಚಳ ಹಾಕಿದರು. ಹಡಗು ಉಳಿಯಿತು. ಇವರು ಒಳಗಿದ್ದರು, ಜೊತೆಗೆ ಇನ್ನೂ ಮೂವರು. ನಮಗೆ ಮುಚ್ಚಿದ ಪೆಟ್ಟಿಗೆ ಕೊಟ್ಟರು, ತೆರೆಯಬೇಡಿ ಎಂದರು.

ಮನೆಯಲ್ಲಿ ಈಗ ಅತ್ತೆ, ನಾನು ಇಬ್ಬರೇ. ಊಟಕ್ಕೆ ಕೂರುವಾಗ ಅತ್ತೆ ದಿನಾ ಒಂದೇ ಮಾತು ಕೇಳುತ್ತಾರೆ. "ತಕ್ಷಣ ಆಗಿರಬೇಕು, ಅಲ್ವೇನೇ?" ನಾನು ಉತ್ತರ ಕೊಡುವುದಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಈ ಕೆಲಸಕ್ಕೆ ಸೇರಿದ್ದೇ ಅದಕ್ಕೆ. ಮುಚ್ಚಳ ಬೀಳುವಾಗ ಇವರಿಗೆ ಉಸಿರಿತ್ತೋ ಇಲ್ಲವೋ, ಅಷ್ಟು ನನಗೆ ತಿಳಿಯಬೇಕು. ಬಾಯಿ ಬಿಟ್ಟರೆ ಅತ್ತೆ ಅಳುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತೇನೆ.

ಮಾರ್ಚ್ ೧೧, ಮಂಗಳವಾರ

ಹಡಗಿನ ಹೆಸರು ಯಾರ ಬಾಯಲ್ಲೂ ಬರಬಾರದೆಂದು ಗೇಟಿನಲ್ಲೇ ಬೋರ್ಡು ಹಾಕಿದ್ದಾರೆ. ಶತ್ರುವಿನ ಕಿವಿ ಎಲ್ಲಿರುತ್ತದೋ ಎಂದು. ನಮ್ಮವರು ಅದಕ್ಕೊಂದು ಉಪಾಯ ಮಾಡಿ ಪ್ರತಿ ಹಡಗಿಗೂ ಅಡ್ಡಹೆಸರಿಟ್ಟಿದ್ದಾರೆ. ಪಕ್ಕದ ಡಾಕಿನ ಅಗಲ ಹೊಟ್ಟೆಯ ಸರಕು ಹಡಗು 'ಬಸುರಿ'. ಇದು 'ಹಠಮಾರಿ'. ಮುಳುಗಬೇಕಾದ್ದು ಮುಳುಗದೆ ಬಂತಲ್ಲ, ಅದಕ್ಕೆ.

"ಗಂಡನ ಮನೇಲಿ ಒದೆ ತಿಂದು ತವರಿಗೆ ಬಂದಿದ್ದಾಳೆ. ಬೆನ್ನಿಗೆ ಎಣ್ಣೆ ಹಚ್ಚಿ ಕಳಿಸೋಣ," ಎಂದು ದೊಡ್ಡಕ್ಕ ಹಡಗಿನ ಮೈ ತಟ್ಟಿದಳು. ನಾಲ್ಕು ಜನರನ್ನು ನುಂಗಿದ ಕಬ್ಬಿಣಕ್ಕೆ ಇಷ್ಟು ಮುದ್ದೇ? ಅದು ಹಡಗು. ಅಷ್ಟೇ.

ಆ ಮನುಷ್ಯನನ್ನು ಇವತ್ತು ನೋಡಿದೆ. ಬಾಯ್ಲರ್ ಮೇಸ್ತ್ರಿ. ರಿಪೇರಿಯ ಮೇಲೆ ಕಣ್ಣಿಡಲು ಹಡಗಿನವರಲ್ಲಿ ಕೆಲವರು ಇಲ್ಲೇ ಉಳಿದಿದ್ದಾರೆ, ಅವರಲ್ಲಿ ಒಬ್ಬ. ನನ್ನ ಗಂಡನಿಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಎಡಗೈ ಮೊಣಕೈವರೆಗೆ ಬೆಂದು ಚರ್ಮ ಹೊಸದಾಗಿ ಮಿಂಚುತ್ತಿದೆ.

"ಅವನೇ ಮುಚ್ಚಳ ಹಾಕಿದ್ದು," ಎಂದು ಪಕ್ಕದವಳು ಪಿಸುಗುಟ್ಟಿದಳು. ಇವಳಿಗೆ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ವಯಸ್ಸು, ಮರಿ ಎಂದೇ ಕರೆಯುತ್ತಾರೆ. ಮದುವೆಯಾಗಿ ವರ್ಷ ತುಂಬಿಲ್ಲ. ಗಂಡ ಇದೇ ಹಡಗಿನಲ್ಲಿ ಫಿರಂಗಿಯ ಮೇಲಿದ್ದಾನೆ. ಅವನು ಬದುಕಿದ್ದಾನೆ ಎನ್ನುವ ನಾಚಿಕೆಗೋ ಏನೋ, ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಮಾರ್ಚ್ ೧೯, ಬುಧವಾರ

ಹಿಂದಿನ ಬಾಯ್ಲರ್ ಕೋಣೆಗೆ ಇಳಿದೆವು. ಮುಚ್ಚಳದ ಒಳಮೈ ಕೆರೆಯುವುದು ನನ್ನ ಪಾಲಿಗೆ ಬಂತು.

ಬರೆಯಲಾರೆ.

ಮಾರ್ಚ್ ೨೨, ಶನಿವಾರ

ಬರೆಯದಿದ್ದರೂ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಬರೆದುಬಿಡುತ್ತೇನೆ.

ಕೋಣೆಯ ಏಣಿ ಒಂದು ಕಡೆ ಕಿತ್ತು ನೇತಾಡುತ್ತಿತ್ತು. ನಮ್ಮ ಮರದ ಏಣಿಯ ತುದಿಯಲ್ಲಿ ಕೂತು, ಅರ್ಧ ಇಳಿಸಿ ಮರದ ತುಂಡು ಕೊಟ್ಟು ನಿಲ್ಲಿಸಿದ್ದ ತಲೆಯ ಮೇಲಿನ ಮುಚ್ಚಳದ ಒಳಮೈಯ ಹಳೆಯ ಬಣ್ಣ ಕೆರೆಯಬೇಕಿತ್ತು. ದೀಪ ಎತ್ತಿ ಹಿಡಿದೆ. ಅಂಚಿನ ಹತ್ತಿರ ಬಣ್ಣ ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿತ್ತು. ಅರ್ಧಚಂದ್ರದಂಥ ತಗ್ಗುಗಳು, ಒಂದರ ಮೇಲೊಂದು, ಒಂದರ ಪಕ್ಕ ಒಂದು. ತುಕ್ಕು ಇನ್ನೂ ತೆಳುವಾಗಿ ಹಿಡಿದಿತ್ತು. ಹೊಸ ಗುರುತು. ದೊಡ್ಡ ಸ್ಪಾನರಿನ ತಲೆಯಿಂದ ಕೆಳಗಿನಿಂದ ಮೇಲಕ್ಕೆ ಹೊಡೆದರೆ ಮಾತ್ರ ಹಾಗಾಗುತ್ತದೆ. ಮೊದಲಿನವು ಆಳವಾಗಿದ್ದವು, ಆಮೇಲಿನವು ಅಷ್ಟು ಆಳವಿರಲಿಲ್ಲ.

ಹೊಡೆದದ್ದು ಇವರೋ ಉಳಿದ ಮೂವರಲ್ಲಿ ಒಬ್ಬರೋ ಗೊತ್ತಿಲ್ಲ. ಯಾರೋ ಬದುಕಿದ್ದರು. ತಟ್ಟಿದ್ದರು. ಮೇಲೆ ನಿಂತವನಿಗೆ ಅದು ಕೇಳಿಸದೆ ಇರಲು ಸಾಧ್ಯವಿಲ್ಲ.

ದೊಡ್ಡಕ್ಕ ಕೆಳಗಿನಿಂದ "ಏನೇ, ನಿದ್ದೆ ಬಂತಾ?" ಎಂದು ಕೂಗಿದಳು. "ತುಕ್ಕು ಗಟ್ಟಿ ಇದೆ," ಎಂದೆ. ಅವಳು ಮೇಲೆ ಬರುವುದರೊಳಗೆ ಕೆರೆದು ಕೆಂಪು ಬಳಿದುಬಿಟ್ಟೆ. ಇದು ನನ್ನದು. ತಂಡದವರ ಬಾಯಿಗೆ ಹಾಕಲಾರೆ. ಬಣ್ಣ ಒಣಗಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳಾಡಿಸಿದರೆ ತಿಳಿಯುತ್ತದೆ.

ರಾತ್ರಿ ಅತ್ತೆ ಮತ್ತೆ ಕೇಳಿದರು. ಹೊಟ್ಟೆ ನೋವು ಎಂದು ಊಟದಿಂದ ಎದ್ದೆ.

ಏಪ್ರಿಲ್ ೯, ಬುಧವಾರ

ಇವತ್ತು ಆ ಬಾಯ್ಲರ್ ಮೇಸ್ತ್ರಿಗೆ ಅಂದೆ. ಅಂದುಬಿಟ್ಟೆ.

ನೀರಿನ ನಲ್ಲಿಯ ಹತ್ತಿರ ನಾನು ಬ್ರಷ್ಷು ತೊಳೆಯುತ್ತಿದ್ದೆ, ಅವನು ಮಗ್ಗು ಹಿಡಿದು ಬಂದ. ನನ್ನನ್ನು ನೋಡಿ ನಿಂತ.

"ಅಮ್ಮಾ, ನೀವು ಯಾರು ಅಂತ ನಂಗೊತ್ತು. ಮನೆಗೆ ಬರಬೇಕು ಅಂತ ಎರಡು ಸಲ ನಿಮ್ಮ ಬೀದಿವರೆಗೂ ಬಂದೆ..."

"ಬರದೇ ಇದ್ದದ್ದು ಒಳ್ಳೇದಾಯ್ತು."

"ನಾನು..."

"ನಾವು ಬಣ್ಣ ಬಳಿಯೋ ಹೆಂಗಸ್ರು. ಸಮುದ್ರ ಕಂಡೋರಲ್ಲ, ಯುದ್ಧ ಕಂಡೋರಲ್ಲ. ಆದ್ರೂ ಬಿಲ್ಲೆ ನೋಡದೆ ಒಬ್ಬರ ತಲೆ ಮೇಲೆ ಮುಚ್ಚಳ ಹಾಕಲ್ಲ," ಎಂದೆ.

"ಬಿಲ್ಲೆ ಅಂದ್ರೆ?"

ಕೊರಳಲ್ಲಿದ್ದ ಬಿಲ್ಲೆ ತೆಗೆದು ಅವನ ಮುಖದ ಮುಂದೆ ಹಿಡಿದೆ. ಕೊಕ್ಕೆಯ ವಿಷಯವನ್ನೂ ಹೇಳಿದೆ, ಮಕ್ಕಳಿಗೆ ಹೇಳುವ ಹಾಗೆ, ಚುಚ್ಚುವುದಕ್ಕೇ. ಅವನು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಆ ಕಡೆ ಈ ಕಡೆ ತಿರುಗಿಸಿ ನೋಡಿ ವಾಪಸ್ಸು ಕೊಟ್ಟ. ನೀರು ಹಿಡಿಯುವುದನ್ನು ಮರೆತು ಖಾಲಿ ಮಗ್ಗಿನೊಂದಿಗೆ ಹೋದ.

ಹಗುರವಾಗುತ್ತದೆ ಎಂದುಕೊಂಡಿದ್ದೆ.

ಏಪ್ರಿಲ್ ೨೬, ಶನಿವಾರ

ಡಾಕಿಗೆ ನೀರು ಬಿಟ್ಟರು. ಹಡಗು ತೇಲಿ ಹೊರಗೆ ಹೋಯಿತು. ಎಲ್ಲರೂ ಗೋಡೆಯ ಮೇಲೆ ನಿಂತು ಕೈಬೀಸಿದರು. ಮರಿ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ನಾನು ಉಗ್ರಾಣದಲ್ಲಿ ಬಣ್ಣದ ಡಬ್ಬಿ ಜೋಡಿಸಿದೆ. ಹೋದರೆ ಹೋಗಲಿ.

ಮೇ ೩೦, ಶುಕ್ರವಾರ

ಮರಿಗೆ ಗಂಡನ ಕಾಗದ ಬಂದಿದೆ. ಜಾಗದ ಹೆಸರುಗಳಿಗೆಲ್ಲ ಮೇಲಿನವರು ಮಸಿ ಬಳಿದಿದ್ದಾರೆ. ಅವಳಿಗೆ ಓದು ಕಷ್ಟ, ನಾನು ಓದಿ ಹೇಳಿದೆ. ಸರಕು ಹಡಗುಗಳ ಸಾಲಿಗೆ ಕಾವಲಾಗಿ ಹೋಗುತ್ತಿದ್ದಾರೆ. ನಿದ್ದೆ ಇಲ್ಲ. ಒಂದು ಎಣ್ಣೆ ಹಡಗಿಗೆ ಬೆಂಕಿ ಬಿದ್ದಾಗ ನೀರಿಗೆ ಹಾರಿದವರನ್ನು ಬಲೆ ಇಳಿಬಿಟ್ಟು ಎಳೆದುಕೊಂಡರಂತೆ. "ಮೈಯೆಲ್ಲ ಕಪ್ಪು ಎಣ್ಣೆ, ಹಲ್ಲು ಮಾತ್ರ ಕಾಣ್ತಿತ್ತು. ನಮ್ಮವರೋ ಬೇರೆಯವರೋ ತಿಳೀಲಿಲ್ಲ, ಎಲ್ಲರಿಗೂ ಚಹಾ ಕೊಟ್ವಿ" ಎಂದು ಬರೆದಿದ್ದಾನೆ.

ಕೊನೆಯಲ್ಲಿ ಹೆಂಡತಿಗೆ ಬರೆದ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಲಿಲ್ಲ. ಅವಳ ಕೈಗೆ ಕೊಟ್ಟು, "ಇದನ್ನ ನೀನೇ ಕೂಡಿಸಿ ಓದ್ಕೋ," ಎಂದೆ. ಮುಖ ಕೆಂಪಾಯಿತು ಹುಡುಗಿಗೆ.

ಜೂನ್ ೧೭, ಮಂಗಳವಾರ

ಬಿಸಿಲು. 'ಬಸುರಿ' ಹಡಗಿನ ಹೊಟ್ಟೆ ಕೆರೆದೆವು. ಬರೆಯುವಂಥದ್ದೇನಿಲ್ಲ.

ಆಗಸ್ಟ್ ೧೨, ಮಂಗಳವಾರ

ಹಠಮಾರಿ ವಾಪಸ್ಸು ಬಂತು. ಮೂತಿ ನೀರಿಗೆ ಹೂತು, ಹಿಂಭಾಗ ಮೇಲೆದ್ದು, ಎರಡು ಸಣ್ಣ ದೋಣಿ ಎಳೆದುಕೊಂಡು ಬಂದವು. ಶತ್ರು ನೀರಿನಲ್ಲಿ ಬಿಟ್ಟಿದ್ದ ಸಿಡಿಗುಂಡಿಗೆ, ಮೈನಿಗೆ, ಸಿಕ್ಕಿತಂತೆ. ನಾವು ಬಳಿದ ಬಣ್ಣ ಒಂದು ಪಕ್ಕದಲ್ಲಿ ಪೂರ್ತಿ ಕಿತ್ತು ಹೋಗಿದೆ.

ಸತ್ತವರು ಯಾರೂ ಇಲ್ಲ. ಮರಿ ನನ್ನನ್ನು ತಬ್ಬಿಕೊಂಡು ಕುಣಿದಳು, ಆಮೇಲೆ ಇದ್ದಕ್ಕಿದ್ದಂತೆ ಬಿಟ್ಟು "ತಪ್ಪಾಯ್ತು ಅಕ್ಕಾ" ಎಂದಳು. ಏನು ತಪ್ಪು? ಕುಣಿಯಲಿ.

ಆಗಸ್ಟ್ ೧೪, ಗುರುವಾರ

ಮರಿ ಸಂಜೆ ತನ್ನ ಮನೆಗೆ ಕರೆದಳು. ಒಂದೇ ಕೋಣೆ, ಒಂದು ಕಿಟಕಿ, ಎರಡು ಕುರ್ಚಿ. ಗಂಡ ನೆಲದಲ್ಲಿ ಕೂತು ನನಗೆ ಕುರ್ಚಿ ಕೊಟ್ಟ. ಫಿರಂಗಿ ಸದ್ದಿಗೆ ಅವನ ಕಿವಿ ಸ್ವಲ್ಪ ಮಂದ, ಎಲ್ಲವನ್ನೂ ಕೂಗಿಯೇ ಹೇಳುತ್ತಾನೆ.

"ಅಕ್ಕಾ, ನಮ್ಮ ಬಾಯ್ಲರ್ ಮೇಸ್ತ್ರಿಗೆ ತಲೆ ಕೆಟ್ಟಿದೆ," ಎಂದ.

"ನಿಧಾನಕ್ಕೆ ಹೇಳ್ರೀ, ಇಡೀ ಬೀದಿಗೆ ಕೇಳ್ತಿದೆ," ಎಂದಳು ಮರಿ.

"ಕೇಳ್ಲಿ ಬಿಡೇ. ಈ ಮನುಷ್ಯ ಇಲ್ಲಿಂದ ಹೊರಟ ಮೇಲೆ ತಗಡು ಕತ್ತರಿಸಿ ಎಲ್ಲರಿಗೂ ಒಂದೊಂದು ಬಿಲ್ಲೆ ಮಾಡಿಕೊಟ್ಟ ಅಕ್ಕಾ. ಬಾಯ್ಲರ್ ಕೋಣೆ ಬಾಗಿಲಿಗೆ ಕೊಕ್ಕೆ ಹೊಡೆದ. ಇಳಿಯೋವಾಗ ತಗಲಿಸಬೇಕಂತೆ, ಹತ್ತೋವಾಗ ತಗೋಬೇಕಂತೆ. ನಾವು ನಕ್ವಿ, ಇದೇನು ಹಡಗಾ, ಸ್ನಾನದ ಮನೆಯಾ ಅಂತ. ಮೈನು ಸಿಡೀತು. ಮುಂದಿನ ಬಾಯ್ಲರ್ ಕೋಣೆಗೆ ನೀರು. ಎಲ್ಲರೂ ದಡದಡ ಮೇಲೆ ಬಂದ್ರು. ಮುಚ್ಚಳ ಹಾಕಬೇಕು. ಈ ಮನುಷ್ಯ ಹಾಕಲ್ಲ! ಕೊಕ್ಕೆ ಮೇಲೆ ಒಂದು ಬಿಲ್ಲೆ ಉಳಿದಿದೆ ಅಂತಾನೆ. ಒಳಗೆ ಬಗ್ಗಿ ಹೆಸರು ಹಿಡಿದು ಕೂಗ್ತಾನೆ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಪಕ್ಕದ ಕೋಣೆಗೂ ಹರೀತು. ಮೂರು ಜನ ಹಿಡಿದೆಳೆದು ಮುಚ್ಚಿದ್ವಿ."

"ಒಳಗೆ ಉಳಿದೋನು?"

"ಯಾವ ಒಳಗೆ! ಅವನು ಎಲ್ಲರಿಗಿಂತ ಮೊದಲೇ ಹತ್ತಿ ಬಂದಿದ್ದ. ಗಾಬರೀಲಿ ಬಿಲ್ಲೆ ತಗೊಳ್ಳೋದು ಮರೆತಿದ್ದ. ಮೇಲೆ ಕಟಕಟೆ ಹಿಡ್ಕೊಂಡು ಸಮುದ್ರಕ್ಕೆ ವಾಂತಿ ಮಾಡ್ತಿದ್ದ, ಮಹಾರಾಯ."

ಮರಿಯ ಗಂಡ ನಕ್ಕ. ಆಮೇಲೆ ನಗು ನಿಂತಿತು.

"ಇನ್ನೊಂದು ಗಳಿಗೆ ತಡ ಆಗಿದ್ರೆ ನಾವೆಲ್ಲ ಮೀನಿಗೆ ಊಟ ಆಗ್ತಿದ್ವಿ ಅಕ್ಕಾ. ಕ್ಯಾಪ್ಟನ್ನು ಬದಲಿ ಕೇಳಿದ್ದಾರೆ, ಬಾಯ್ಲರ್ ಬಲ್ಲೋರು ಬೇರೆ ಯಾರೂ ಇಲ್ಲವಂತೆ. ಮತ್ತೆ ಅವನೇ ಬರ್ತಾನೆ. ಮತ್ತೆ ಅವನ ಕೈಯಲ್ಲೇ ಮುಚ್ಚಳ. ಆ ಬಿಲ್ಲೆ ಹುಚ್ಚು ಅವನ ತಲೆಗೆ ಯಾರು ತುಂಬಿದ್ರೋ!"

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. ಬಾಗಿಲವರೆಗೆ ಬಂದ ಮರಿ ಹೇಳಿದಳು. "ಅಕ್ಕಾ, ಆ ಮೇಸ್ತ್ರಿ ಯಾರ ಮಾತೂ ಕೇಳಲ್ಲ. ನೀವು ಒಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ. ನಂಗೆ ಈಗ ನಾಲ್ಕು ತಿಂಗಳು."

ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟೆ.

ಆಗಸ್ಟ್ ೨೪, ಭಾನುವಾರ

ರಜೆ. ಅತ್ತೆಯ ತಲೆ ಬಾಚುತ್ತಿದ್ದೆ. ಹತ್ತು ದಿನದಿಂದ ನಾನು ಸರಿಯಿಲ್ಲ ಎಂದು ಅವರಿಗೆ ಗೊತ್ತು. ಕೇಳಿದರೆ ನಾನು ಹೇಳುವವಳಲ್ಲ ಎಂದೂ ಗೊತ್ತು. ಅದಕ್ಕೆ ತಾವೇ ಏನೋ ಹಳೆಯದು ತೆಗೆದರು.

"ನಿನ್ನ ಗಂಡ ಹುಟ್ಟೋಕೆ ಮುಂಚೆ ನಂಗೆ ಎರಡು ಕೂಸು ಹೋದ್ವು, ಗೊತ್ತಲ್ಲ. ಎರಡು ಸಲವೂ ನಾನು ಜ್ವರದಲ್ಲಿ ಮಲಗಿದ್ದೆ. ನಿನ್ನ ಮಾವ ಬಂದು, 'ನಿದ್ದೇಲೇ ಹೋಯ್ತು ಕಣೇ, ಗೊತ್ತೇ ಆಗ್ಲಿಲ್ಲ ಅದಕ್ಕೆ' ಅಂದ್ರು."

"ಹಾಗೇ ಆಗಿರಬೇಕು ಅತ್ತೆ."

"ಎಲ್ಲಿ ಬಂತು! ಗೋಡೆ ಆಚೆ ಮಲಗಿದ್ದೋಳಿಗೆ ಕೇಳಲ್ವೇನೇ? ಎಲ್ಲಾ ಕೇಳಿಸ್ತು. ಆದ್ರೆ ಆ ಮಾತು ಹೇಳೋಕೆ ಅವರು ಹೊಸಲು ದಾಟಿ ಒಳಗೆ ಬಂದ್ರಲ್ಲ. ನಿನ್ನ ಮಾವ ಕೋಪಿಷ್ಠ, ದುಡಿದದ್ದೆಲ್ಲ ಹಾಳುಮಾಡಿದ್ರು. ಆದ್ರೂ ಹಾಗೆ ಹೇಳಿದೋರ ಜೊತೆ ಬಾಳಬಹುದು ಅನ್ನಿಸ್ತು." ಆಮೇಲೆ ತಲೆ ಒತ್ತಿ ಹಿಡಿದು, "ನೋಯತ್ತೆ ಕಣೇ, ಮೆತ್ತಗೆ ಬಾಚು," ಎಂದರು.

ಸೆಪ್ಟೆಂಬರ್ ೨, ಮಂಗಳವಾರ

ಊಟದ ಬಿಡುವಿನಲ್ಲಿ ಬಾಯ್ಲರ್ ಮೇಸ್ತ್ರಿ ಡಾಕಿನ ಅಂಚಿನಲ್ಲಿ ಲಂಗರಿನ ಸರಪಳಿಯ ಮೇಲೆ ಒಬ್ಬರೇ ಕೂತಿದ್ದರು. ಹಡಗಿನವರು ಯಾರೂ ಈಗ ಅವರ ಜೊತೆ ಉಣ್ಣುವುದಿಲ್ಲ. ನಾನು ಹೋಗಿ ಎದುರು ನಿಂತೆ. ಎದ್ದರು.

"ಹಿಂದಿನ ಕೋಣೆ ಮುಚ್ಚಳದ ಒಳಮೈ ಕೆರೆದದ್ದು ನಾನೇ," ಎಂದೆ. "ಆಗಲೇ ಹೇಳಬೇಕಿತ್ತು."

ಅವರು ಕೈಯಲ್ಲಿದ್ದ ಬುತ್ತಿಯನ್ನು ಸರಪಳಿಯ ಮೇಲಿಟ್ಟರು. "ಏನಾದ್ರೂ..."

"ಏನೂ ಇರ್ಲಿಲ್ಲ. ಉಗುರಿನ ಗೀರೂ ಇರ್ಲಿಲ್ಲ. ನೀವು ಮುಚ್ಚೋ ಹೊತ್ತಿಗೆ ಒಳಗೆ ಯಾರೂ ಬದುಕಿರ್ಲಿಲ್ಲ."

"ನಂಗೆ ಸದ್ದು ಕೇಳಿಸ್ತು, ಅಮ್ಮಾ. ಈಗ್ಲೂ ಕೇಳತ್ತೆ."

"ಒಳಗಿನ ಏಣಿ ಒಂದು ಕಡೆ ಕಿತ್ಕೊಂಡು ನೇತಾಡ್ತಿತ್ತು. ನೀರಿನ ಹೊಡೆತಕ್ಕೆ ಅದು ಬಡಿದಿರತ್ತೆ."

ಏಣಿ ಕಿತ್ತಿದ್ದು ನಿಜ. ಅಷ್ಟು ನಿಜ ಕೈಯಲ್ಲಿದ್ದದ್ದಕ್ಕೆ ಉಳಿದದ್ದು ಬಾಯಿಗೆ ಬಂತು.

ಅವರು ನೀರಿಲ್ಲದ ಡಾಕಿನ ತಳ ನೋಡಿದರು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿಮ್ಮ ಮೇಲೆ ಸಿಟ್ಟಿತ್ತು."

"ಈಗ?"

"ಆ ಕೊಕ್ಕೆ ಕಿತ್ತುಹಾಕಿ," ಎಂದೆ. "ಬಿಲ್ಲೆ ನಮ್ಮ ಡಾಕಿಗೆ ಸರಿ. ಇಲ್ಲಿ ನೀರು ನಾವು ಬಿಟ್ಟಾಗ ಬರತ್ತೆ. ಅಲ್ಲಿ ನಿಮ್ಮನ್ನ ಕೇಳಿ ಬರಲ್ಲ. ಅವತ್ತು ನಾನು ಅಂದದ್ದನ್ನ ಮರೆತುಬಿಡಿ."

ಅವರ ಬುತ್ತಿಗೆ ನೊಣ ಮುತ್ತಿತ್ತು. "ಊಟ ಮಾಡಿ," ಎಂದು ಹೇಳಿ ಬಂದೆ.

ದಾರಿಯುದ್ದಕ್ಕೂ ಇವರಿಗೆ ದ್ರೋಹ ಮಾಡಿದೆನೇ ಎಂದು ಕೇಳಿಕೊಂಡೆ. ಆ ಸ್ಪಾನರ್ ಹಿಡಿದ ಕೈ ಇವರದೇ ಆಗಿದ್ದರೆ, ಅದು ಯಾರಿಗಾದರೂ ಕೇಳಲಿ ಎಂದು ತಾನೇ ಹೊಡೆದದ್ದು. ನನಗೆ ಕೇಳಿಸಿತು. ನನ್ನಲ್ಲಿರಲಿ.

ಸೆಪ್ಟೆಂಬರ್ ೨೦, ಶನಿವಾರ

ಹಠಮಾರಿ ಹೊರಟಳು. ಮರಿಗೆ ಈಗ ಗೋಡೆಯ ಮೆಟ್ಟಿಲು ಹತ್ತುವುದು ಕಷ್ಟ, ಕೈ ಹಿಡಿಯಲು ಯಾರಾದರೂ ಬೇಕಿತ್ತು, ಅದಕ್ಕೆ ನಾನೂ ಹೋದೆ. ಹೊಸ ಬೂದು ಬಣ್ಣ ಬಿಸಿಲಿಗೆ ಚೆನ್ನಾಗಿ ಕಾಣುತ್ತಿತ್ತು. ಮೂತಿಯ ಎಡಕ್ಕೆ ನಾನು ಬಳಿದ ಕಡೆ ಸ್ವಲ್ಪ ಸೋರಿದ ಗೆರೆ ಇದೆ, ನನಗೆ ಮಾತ್ರ ಗೊತ್ತಾಗುವಂಥದ್ದು. ಮುಂದಿನ ಸಲ ಸರಿಮಾಡಬೇಕು.

ದೊಡ್ಡಕ್ಕ ಕೂಗಿದಳು. "ಹೋಗಿ ಬಾರೇ, ಬೇಗ ಬರಬೇಡ!"

ಅಕ್ಟೋಬರ್ ೮, ಬುಧವಾರ

ಸಂಜೆಯೆಲ್ಲ ಗಾಳಿ. ದೀಪದ ಬೆಳಕು ಹೊರಗೆ ಕಾಣದಂತೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಕೂತೆವು. ಹೊರಗೆ ಸಮುದ್ರದಲ್ಲಿ ಹಠಮಾರಿ ಎಲ್ಲಿದ್ದಾಳೋ. ಅತ್ತೆ ಕೂಸಿಗೆ ಟೋಪಿ ಹೆಣೆಯುತ್ತಿದ್ದಾರೆ, ಮರಿಯ ಕೂಸಿಗೆ. ನನ್ನ ಗಂಡನ ಹಳೆಯ ಸ್ವೆಟರಿನ ನೂಲು ಬಿಚ್ಚಿದ್ದಾರೆ. ಬಿಚ್ಚಲೇ ಎಂದು ಮೊದಲು ನನ್ನನ್ನು ಕೇಳಿದರು. ಕೊಟ್ಟೆ.

ನವೆಂಬರ್ ೩, ಸೋಮವಾರ

ಕಾಗದವಿಲ್ಲ. ಮರಿ ದಿನಾ ಗೇಟಿನ ಕಾವಲುಗಾರನನ್ನು ಕೇಳುತ್ತಾಳೆ. "ತಾಯಿ, ನನ್ನ ಹತ್ರ ಸಮುದ್ರದ ಕೀಲಿ ಇಲ್ಲ," ಎಂದನಂತೆ. ನಾಳೆ ನಾನು ಅವನಿಗೆ ನಾಲ್ಕು ಮಾತು ಹೇಳುತ್ತೇನೆ.

ಡಿಸೆಂಬರ್ ೯, ಮಂಗಳವಾರ

ಬಂದಳು. ಹಠಮಾರಿ ತಾನಾಗಿಯೇ ಬಂದಳು, ಒಂದೇ ಬಾಯ್ಲರಿನಲ್ಲಿ, ತೆವಳಿಕೊಂಡು. ಮತ್ತೆ ಟಾರ್ಪೆಡೊ, ಈ ಸಲ ಮುಂದಿನ ಬಾಯ್ಲರ್ ಕೋಣೆಯ ಪಕ್ಕಕ್ಕೆ. ಬಾಯ್ಲರ್ ಮೇಸ್ತ್ರಿ ಆ ಕ್ಷಣವೇ ಮುಚ್ಚಳ ಹಾಕಿದರಂತೆ. ಪಕ್ಕದ ಕೋಣೆಗೆ ಒಂದು ಬಕೆಟ್ಟು ನೀರೂ ಹೋಗಲಿಲ್ಲ. ಇನ್ನೂರು ಜನ ಉಳಿದರು.

ಒಬ್ಬ ಒಳಗೆ ಉಳಿದ. ಕಳೆದ ಸಲ ಬಿಲ್ಲೆ ಮರೆತು ವಾಂತಿ ಮಾಡುತ್ತಿದ್ದನಲ್ಲ, ಅವನೇ.

ಮರಿಯ ಗಂಡ ಇಳಿದು ಬಂದ. ಅವಳ ಹೊಟ್ಟೆ ನೋಡಿ ಹಡಗಿನಿಂದ ಇಳಿಯುವ ಹಲಗೆಯ ಮೇಲೇ ಕೂತುಬಿಟ್ಟ. ಹಿಂದೆ ಇಳಿಯುತ್ತಿದ್ದವರೆಲ್ಲ ದಾರಿ ಸಿಗದೆ ಸಾಲುಗಟ್ಟಿ ನಿಂತು ಬೈಯತೊಡಗಿದರು.

ಡಿಸೆಂಬರ್ ೧೧, ಗುರುವಾರ

ನೌಕಾಪಡೆಯವರು ಕೋಣೆ ಖಾಲಿ ಮಾಡಿಕೊಟ್ಟರು. ಮುಚ್ಚಳದ ಒಳಮೈ ಯಾರಿಗೆ ಎಂದು ದೊಡ್ಡಕ್ಕ ಕೇಳುವ ಮೊದಲೇ ನಾನು ದೀಪ ತೆಗೆದುಕೊಂಡೆ. ಒಬ್ಬಳೇ ಇಳಿದೆ. ಮೇಲೆ ನೋಡಲು ಕುತ್ತಿಗೆ ಎತ್ತಲಾಗದೆ ಸ್ವಲ್ಪ ಹೊತ್ತು ಏಣಿ ಹಿಡಿದು ನಿಂತಿದ್ದೆ. ಆಮೇಲೆ ದೀಪ ಎತ್ತಿದೆ.

ಏನೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ನಾವು ಬಳಿದ ಬಣ್ಣ, ನುಣ್ಣಗೆ, ಹಾಗೇ ಇತ್ತು. ಅಂಚಿನಲ್ಲಿ ಬೆರಳಾಡಿಸಿದೆ. ಇಡೀ ಮುಚ್ಚಳಕ್ಕೆ ಬೆರಳಾಡಿಸಿದೆ. ಏನೂ ಇಲ್ಲ.

ಏಣಿಯ ಮೇಲೆ ಕೂತು ಅತ್ತುಬಿಟ್ಟೆ. ಪೆಟ್ಟಿಗೆ ಬಂದ ದಿನ ಅತ್ತಿರಲಿಲ್ಲ.

ಡಿಸೆಂಬರ್ ೧೨, ಶುಕ್ರವಾರ

ಗೇಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ, ಬೆಳಗಿನಿಂದ, ಎಂದು ಕಾವಲುಗಾರ ಬಂದು ಹೇಳಿದ. ಒಳಗೆ ಉಳಿದವನ ತಾಯಿ. ಕಚೇರಿಯವರು ಎರಡು ಸಲ ಕಳಿಸಿದರೂ ಹೋಗಲಿಲ್ಲ. ಒಳಗೆ ಇಳಿದವರನ್ನು ಕರೆಯಿರಿ ಎನ್ನುತ್ತಿದ್ದಾಳಂತೆ.

ಹೋದೆ. ನನ್ನ ಕೈಯ ಬಣ್ಣ ನೋಡಿ ಅವರೇ ಎದ್ದರು.

"ನೀನೇ ಏನಮ್ಮಾ ಇಳಿದಿದ್ದು?"

"ಹೌದಮ್ಮಾ. ಏನೂ ಇರ್ಲಿಲ್ಲ. ತಟ್ಟಿದ ಗುರುತಿಲ್ಲ. ಗೊತ್ತಾಗೋ ಮೊದಲೇ ಆಗಿಹೋಗಿದೆ."

"ಎಲ್ಲರಿಗೂ ಹೀಗೇ ಹೇಳ್ತೀರಿ," ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಕಚೇರಿಯೋರೂ ಹೀಗೇ ಅಂದ್ರು. ಓದಿ ಹೇಳಿದ ಹಾಗೆ ಅಂದ್ರು."

ನಾನು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಹೊರಗಿನವರನ್ನು ಡಾಕಿಗೆ ಬಿಡುವಂತಿಲ್ಲ. ಕಾವಲುಗಾರ ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ಕೋಣೆಗೆ ಇಳಿಯುವ ಬಾಯಿಯ ಹತ್ತಿರ ದೊಡ್ಡಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬಿಲ್ಲೆ ಇಲ್ಲದೆ ಯಾರನ್ನೂ ಇಳಿಸಲ್ಲ," ಎಂದಳು. ಆಮೇಲೆ ತನ್ನ ಕೊರಳಿನ ಬಿಲ್ಲೆ ತೆಗೆದು ಆ ತಾಯಿಯ ಕೈಗಿಟ್ಟಳು. "ತಗೊಳ್ಳಿ, ನೀವೇ ತಗಲಿಸಿ. ನೀವು ಮೇಲೆ ಬರೋವರೆಗೆ ನಾನು ಇಲ್ಲಿಂದ ಹಂದಾಡಲ್ಲ."

ಒಂದೊಂದೇ ಮೆಟ್ಟಿಲಿಗೆ ಅವರ ಪಾದ ಹಿಡಿದು ಇಡಿಸುತ್ತಾ ಇಳಿಸಿದೆ. ದೀಪ ಎತ್ತಿ ಹಿಡಿದೆ. ಅವರು ಅಂಗೈ ಪೂರ್ತಿ ಚಾಚಿ ಮುಚ್ಚಳ ಸವರಿದರು, ಜ್ವರ ಬಂದ ಮಗುವಿನ ಹಣೆ ಸವರುವ ಹಾಗೆ. ಈ ತುದಿಯಿಂದ ಆ ತುದಿಗೆ. ಮತ್ತೊಮ್ಮೆ.

"ಇಷ್ಟೇ ಜಾಗದಲ್ಲಾ ಕೆಲಸ ಮಾಡ್ತಿದ್ದದ್ದು?"

"ಹೌದಮ್ಮಾ."

"ಅವನಿಗೆ ಸೆಖೆ ಆಗ್ತಿರ್ಲಿಲ್ಲ. ಚಿಕ್ಕೋನಿದ್ದಾಗ್ಲೂ ಒಲೆ ಮುಂದೇನೇ ಮಲಗ್ತಿದ್ದ," ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಾನೂ ಕೂತೆ. ಅವನ ಬಗ್ಗೆ ಬಹಳ ಹೇಳಿದರು. ಬಸ್ಸು ಹತ್ತಿದರೂ ವಾಂತಿ ಮಾಡುತ್ತಿದ್ದವನು ನೌಕಾಪಡೆಗೆ ಸೇರಿದ್ದು ಹೇಗೆ ಎಂದು ಹೇಳಿ ನಕ್ಕರು, ಅತ್ತರು. ಮೇಲೆ ಅರ್ಧ ತೆರೆದ ಬಾಯಿಯ ಬೆಳಕಿನಲ್ಲಿ ದೊಡ್ಡಕ್ಕನ ಪಕ್ಕ ಇನ್ನೊಂದು ತಲೆ ಕಾಣುತ್ತಿತ್ತು. ಬಾಯ್ಲರ್ ಮೇಸ್ತ್ರಿಯದು.

ಹತ್ತಿ ಬಂದ ಮೇಲೆ ಆ ತಾಯಿಯೇ ಕೊಕ್ಕೆಯಿಂದ ಬಿಲ್ಲೆ ತೆಗೆದು ದೊಡ್ಡಕ್ಕನಿಗೆ ಕೊಟ್ಟರು.

ಡಿಸೆಂಬರ್ ೧೩, ಶನಿವಾರ

ಕೆಲಸ ಬಿಡುವಾಗ ಬಾಯ್ಲರ್ ಮೇಸ್ತ್ರಿ ನಲ್ಲಿಯ ಹತ್ತಿರ ಕಾಯುತ್ತಿದ್ದರು. ಈ ಸಲ ಮಗ್ಗು ತುಂಬಿತ್ತು.

"ಆ ತಾಯೀನ ಕೆಳಗೆ ಕರ್ಕೊಂಡು ಹೋಗಿ ತೋರಿಸಿದ್ರಿ," ಎಂದರು. "ನಂಗೆ ತೋರಿಸ್ಲಿಲ್ಲ. ಬಾಯಲ್ಲಿ ಹೇಳಿದ್ರಿ."

"ಅಷ್ಟರಲ್ಲಿ ಬಣ್ಣ ಆಗಿಹೋಗಿತ್ತು, ಅಣ್ಣ."

"ಹೂಂ. ಬಣ್ಣ ಚೆನ್ನಾಗಿ ಹಿಡಿದಿದೆ." ಮಗ್ಗಿನೊಳಗೆ ನೋಡಿಕೊಂಡರು. "ನೀವು ಹೇಳಿದ ದಿನವೇ ಸಂಜೆ ಹಿಂದಿನ ಕೋಣೆಗಿಳಿದು ಕೈಯಾಡಿಸಿ ನೋಡಿದೆ, ತಂಗಿ."

ಬಣ್ಣದಡಿಯ ತಗ್ಗುಗಳು ಅವರ ಬೆರಳಿಗೆ ಸಿಕ್ಕಿದ್ದವು. ಸೆಪ್ಟೆಂಬರಿನಿಂದ ಇವತ್ತಿನವರೆಗೆ ಗೊತ್ತಿತ್ತು ಅವರಿಗೆ. ಎಲ್ಲ ಗೊತ್ತಿಟ್ಟುಕೊಂಡೇ ಆ ಹಡಗು ಹತ್ತಿದ್ದರು.

"ಮತ್ತೆ ಹೇಗೆ ಮುಚ್ಚಿದ್ರಿ, ಈ ಸಲ?"

"ಆ ಗುರುತು ಕಂಡೋರು ನೀವೊಬ್ರೇ. ಬೇಕಿದ್ರೆ ನನ್ನ ಮುಖಕ್ಕೆ ಉಗೀಬಹುದಿತ್ತು. ಊಟ ಮಾಡಿ ಅಂದ್ರಿ." ಬೆಂದ ಕೈಯಿಂದ ಮೂಗು ಒರೆಸಿಕೊಂಡರು. "ಮುಚ್ಚಳ ಎಳೆಯೋವಾಗ ಅದೇ ನೆನಪಾಯ್ತು. ಎಳೆದುಬಿಟ್ಟೆ."

ಆ ಸ್ಪಾನರ್ ಯಾರ ಕೈಯಲ್ಲಿತ್ತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾಳೆ ಮನೆಗೆ ಊಟಕ್ಕೆ ಬನ್ನಿ, ಅತ್ತೆ ನಿಮ್ಮನ್ನು ನೋಡಿಲ್ಲ, ಎಂದೆ. ಬರುತ್ತೇನೆ ಎಂದರು. ಈ ಸಲ ಬೀದಿಯಿಂದಲೇ ವಾಪಸ್ಸು ಹೋಗಬೇಡಿ ಎಂದದ್ದಕ್ಕೆ ನಕ್ಕರು.

ಮನೆಗೆ ಬಂದಾಗ ಅತ್ತೆ ತಟ್ಟೆ ಇಡುತ್ತಿದ್ದರು. ಕೇಳಿದರು, ದಿನಾ ಕೇಳುವ ಹಾಗೆ, ನನ್ನ ಕಡೆ ನೋಡದೆ.

"ತಕ್ಷಣ ಆಗಿರಬೇಕು, ಅಲ್ವೇನೇ?"

"ಹೂಂ ಅತ್ತೆ. ನಾನು ಒಳಗೆ ಇಳಿದು ನೋಡಿದೀನಿ. ತಕ್ಷಣ ಆಗಿದೆ."

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ನನ್ನ ತಟ್ಟೆಯನ್ನು ತಮ್ಮ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡರು.

"ಕೈ ತೊಳ್ಕೊಂಡು ಬಾ," ಎಂದರು. "ಆರಿಹೋಗತ್ತೆ."

ತೊಳೆದೆ. ಉಗುರಿನ ಕೆಂಪು ಹೋಗಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡೆ.